ನುಂಗಿದ್ದೋ, ಬರೀ ಅಂಟಿಕೊಂಡಿದ್ದೋ: ಮಲೇರಿಯಾ ಲ್ಯಾಬಿನ ನನ್ನ ಅನುಭವ

ಮಲೇರಿಯಾ ಮೇಲೆ ಕೆಲಸ ಮಾಡ್ತೀನಿ ಅಂದ ತಕ್ಷಣ ಜನ ಸೊಳ್ಳೆ ಬಗ್ಗೆ ಕೇಳುತ್ತಾರೆ. ನಾನು ಸೊಳ್ಳೆಯ ತಂಟೆಗೇ ಹೋಗುವುದಿಲ್ಲ. ನಾನು ನೋಡುವುದು ಸೊಳ್ಳೆ ಕಚ್ಚಿ ಹೋಗಿ ಎಷ್ಟೋ ದಿನದ ಮೇಲೆ ರಕ್ತದಲ್ಲಿ ನಡೆಯುವ ಗಲಾಟೆ. ಚಳಿಜ್ವರ ಏರಿ ಮೈಯೆಲ್ಲ ಉರಿಯೂತದಲ್ಲಿ ಇರುವಾಗ ನಮ್ಮ ಬಿಳಿ ರಕ್ತಕಣಗಳು ಮಲೇರಿಯಾ ಹೊಕ್ಕ ಕೆಂಪು ಕಣಗಳನ್ನು ಹೇಗೆ ಹಿಡಿಯುತ್ತವೆ, ಹೇಗೆ ನುಂಗುತ್ತವೆ, ನುಂಗಿದ ಮೇಲೆ ಅವುಗಳ ಗತಿ ಏನು, ಇಷ್ಟೇ ನನ್ನ ವಿಷಯ. ಬೆಂಗಳೂರಿನ ಒಂದು ಲ್ಯಾಬಲ್ಲಿ ಕುಳಿತು ವರ್ಷಗಳಿಂದ ಇದನ್ನೇ ಮಾಡುತ್ತಿದ್ದೇನೆ. ಮಳೆಗಾಲ ಬಂದರೆ ಮಂಗಳೂರಿಗೂ ಹೋಗಿಬರುತ್ತೇನೆ, ಯಾಕೆ ಅಂತ ಮುಂದೆ ಹೇಳುತ್ತೇನೆ. ಲ್ಯಾಬಿಗೆ ಹೊಸದಾಗಿ ಸೇರುವ ಹುಡುಗ ಹುಡುಗಿಯರಿಗೆ ಬಾಯಲ್ಲಿ ಹೇಳುವುದನ್ನು ಈ ಸಲ ಬರೆದಿಡೋಣ ಅನ್ನಿಸಿತು.

ಮೊದಲು ಎದುರಾಳಿಯ ವಿಷಯ. ಮಲೇರಿಯಾದ ಪರೋಪಜೀವಿ ಮೊದಲು ಲಿವರಿನಲ್ಲಿ ಸದ್ದಿಲ್ಲದೆ ಬೆಳೆಯುತ್ತದೆ. ಆಮೇಲೆ ರಕ್ತಕ್ಕೆ ಇಳಿದು ಕೆಂಪು ಕಣದ ಒಳಗೆ ಸೇರಿಕೊಳ್ಳುತ್ತದೆ. ಅದರ ಎರಡು ಜಾತಿಗಳಾದ ಫಾಲ್ಸಿಪಾರಮ್ ಇರಲಿ, ವೈವಾಕ್ಸ್ ಇರಲಿ, ಸುಮಾರು 48 ಗಂಟೆಯ ಸುತ್ತು ಅದು. ಒಳಗಿನ ಹಿಮೋಗ್ಲೋಬಿನ್ ತಿಂದು ಬೆಳೆದು, ಕಣ ಒಡೆದುಕೊಂಡು ಹೊರಗೆ ಬರುತ್ತದೆ. ಫಾಲ್ಸಿಪಾರಮ್ ಆದರೆ ಒಂದು ಕಣದಿಂದ ಸಾಮಾನ್ಯವಾಗಿ 16ರಿಂದ 32 ಮರಿಗಳು. ಮರಿಗಳ ಜೊತೆ ಕಸವೂ ಹೊರಗೆ ಬೀಳುತ್ತದೆ: ಹೀಮೋಜೋಯಿನ್ ಎಂಬ ಕಂದು ಹರಳು, ಪರೋಪಜೀವಿಯ ಡಿಎನ್‌ಎ, ಜಿಪಿಐ ಎಂಬ ಕೊಬ್ಬು ಮೆತ್ತಿದ ಅಣು. ಬಿಳಿ ಕಣಗಳನ್ನು ಕೆರಳಿಸುವುದು ಈ ಕಸವೇ. ಅವು ಟಿಎನ್‌ಎಫ್, ಇಂಟರ್‌ಲ್ಯೂಕಿನ್-1, ಇಂಟರ್‌ಲ್ಯೂಕಿನ್-6 ಎಂಬ ಉರಿಯೂತ ಹುಟ್ಟಿಸುವ ಪ್ರೋಟೀನುಗಳನ್ನು ಸುರಿಸುತ್ತವೆ, ಜ್ವರ ಏರುತ್ತದೆ. ಕಣ ಒಡೆಯುವ ಹೊತ್ತಿಗೂ ಜ್ವರ ಏರುವ ಹೊತ್ತಿಗೂ ತಾಳೆಯಾಗುತ್ತದೆ ಅಂತ ಇಟಲಿಯ ಕಮಿಲ್ಲೊ ಗಾಲ್ಜಿ 1880ರ ದಶಕದಲ್ಲೇ ತೋರಿಸಿದ್ದರು. ಆಗ ಟಿಎನ್‌ಎಫ್ ಅನ್ನುವ ಹೆಸರೇ ಇರಲಿಲ್ಲ.

ಕೆಂಪು ಕಣವನ್ನೇ ಮನೆ ಮಾಡಿಕೊಂಡದ್ದರಲ್ಲಿ ಒಂದು ಜಾಣತನವಿದೆ. ದೇಹದ ಬೇರೆ ಜೀವಕೋಶಗಳಿಗೆ ವೈರಸ್ ಹೊಕ್ಕರೆ ಅವು ಆ ವೈರಸ್ಸಿನ ತುಣುಕನ್ನು ಎಚ್‌ಎಲ್‌ಎ ಎಂಬ ಪ್ರೋಟೀನಿನ ಮೇಲಿಟ್ಟು ಹೊರಗೆ ತೋರಿಸುತ್ತವೆ. ಕೊಲ್ಲುವ ಟಿ ಕಣಗಳು (ಇವೂ ಒಂದು ಬಗೆಯ ಬಿಳಿ ಕಣ) ಅದನ್ನು ನೋಡಿ ಬರುತ್ತವೆ. ಬಲಿತ ಕೆಂಪು ಕಣಕ್ಕೆ ನ್ಯೂಕ್ಲಿಯಸ್ಸೂ ಇಲ್ಲ, ತೋರಿಸುವಷ್ಟು ಎಚ್‌ಎಲ್‌ಎಯೂ ಇಲ್ಲ. ಹಾಗಾಗಿ ಆ ದಾರಿ ಬಂದ್. ಉಳಿದದ್ದು ಹಳೆಯ ದಾರಿ: ಇಡೀ ಕಣವನ್ನೇ ನುಂಗಿ ಅರಗಿಸಿಕೊಳ್ಳುವುದು. ಅದನ್ನು ಮಾಡುವುದು ಮೊನೊಸೈಟ್, ಮ್ಯಾಕ್ರೊಫೇಜ್ ಮತ್ತು ಸ್ವಲ್ಪ ಮಟ್ಟಿಗೆ ನ್ಯೂಟ್ರೊಫಿಲ್ ಎಂಬ ಬಿಳಿ ಕಣಗಳು. ನನ್ನ ದಿನದ ಹೆಚ್ಚಿನ ಪಾಲು ಮೊನೊಸೈಟ್ ಜೊತೆಗೇ ಕಳೆಯುತ್ತದೆ.

ಈಗ ಕೆಲಸಕ್ಕೆ ಬರೋಣ.

ಪ್ರಯೋಗಕ್ಕೆ ಮೊದಲು ಬೇಕಾದದ್ದು ಫಾಲ್ಸಿಪಾರಮ್ ಕಲ್ಚರ್. 1976ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲ್ಲರ್ ವಿಶ್ವವಿದ್ಯಾಲಯದಲ್ಲಿ ವಿಲಿಯಂ ಟ್ರೇಗರ್ ಮತ್ತು ಜೇಮ್ಸ್ ಜೆನ್ಸನ್ ಇದನ್ನು ಲ್ಯಾಬಲ್ಲಿ ಬಿಡದೆ ಬೆಳೆಸುವುದನ್ನು ತೋರಿಸಿದರು. ಗಾಜಿನ ಜಾಡಿಯೊಳಗೆ ಮೇಣದಬತ್ತಿ ಹಚ್ಚಿ ಮುಚ್ಚಿದರೆ ಬತ್ತಿ ಆರುವ ಹೊತ್ತಿಗೆ ಆಕ್ಸಿಜನ್ ಕಡಿಮೆಯಾಗಿ ಕಾರ್ಬನ್ ಡೈಆಕ್ಸೈಡ್ ಏರಿರುತ್ತದೆ. ಪರೋಪಜೀವಿಗೆ ಅಂಥ ಗಾಳಿಯೇ ಬೇಕು. ನಾವೀಗ ಸಿಲಿಂಡರಿನಿಂದ ಅಳೆದ ಗ್ಯಾಸ್ ಕೊಡುತ್ತೇವೆ. ಆದರೆ ಹಬ್ಬದ ರಜೆಯಲ್ಲಿ ಸಿಲಿಂಡರ್ ಖಾಲಿಯಾದಾಗ ಮೇಣದಬತ್ತಿಯೇ ಗತಿ, ಅದು ಈಗಲೂ ಕೈಕೊಡುವುದಿಲ್ಲ.

ಓ ಪಾಸಿಟಿವ್ ರಕ್ತ ತಂದು, ಬಿಳಿ ಕಣ ಮತ್ತು ಪ್ಲಾಸ್ಮಾ ತೆಗೆದು, ಕೆಂಪು ಕಣವನ್ನು ತೊಳೆದು ಇಟ್ಟುಕೊಳ್ಳುತ್ತೇವೆ. ಆರ್‌ಪಿಎಂಐ 1640 ಎಂಬ ಮೀಡಿಯಾ (ಕಣಗಳಿಗೆ ಆಹಾರವಾಗುವ ದ್ರವ), ಹೈಪೊಕ್ಸಾಂಥಿನ್, ಆಲ್ಬುಮ್ಯಾಕ್ಸ್, ಸ್ವಲ್ಪ ಜೆಂಟಮೈಸಿನ್, 37 ಡಿಗ್ರಿ. ದಿನಾ ಮೀಡಿಯಾ ಬದಲಿಸಬೇಕು, ಭಾನುವಾರವೂ. ದಿನಾ ಒಂದು ಸ್ಮಿಯರ್ (ಗಾಜಿನ ಮೇಲೆ ರಕ್ತದ ತೆಳು ಪದರ) ಎಳೆದು ಮೆಥನಾಲಲ್ಲಿ ಅದ್ದಿ ಗೀಮ್ಸಾ ಬಣ್ಣ ಹಾಕಿ ನೋಡಬೇಕು. ಮೈಕ್ರೊಸ್ಕೋಪ್ ನೋಡದೆ ಕಲ್ಚರ್ ನಡೆಸುತ್ತೇನೆ ಅನ್ನುವವರನ್ನು ನಾನು ನಂಬುವುದಿಲ್ಲ.

ಹಾಗೆ ಬೆಳೆದ ಕಲ್ಚರಲ್ಲಿ ಎಲ್ಲ ವಯಸ್ಸಿನ ಪರೋಪಜೀವಿಗಳೂ ಕಲಸಿಕೊಂಡಿರುತ್ತವೆ. ನುಂಗುವ ಪ್ರಯೋಗಕ್ಕೆ ಒಂದೇ ವಯಸ್ಸಿನವು ಬೇಕು. ಅದಕ್ಕೆ 5 ಶೇಕಡಾ ಸಾರ್ಬಿಟಾಲ್ ಹಾಕುತ್ತೇವೆ. ಬೆಳೆದ ಪರೋಪಜೀವಿ ತಾನಿರುವ ಕೆಂಪು ಕಣದ ಗೋಡೆಯಲ್ಲಿ ಹೊಸ ದಾರಿಗಳನ್ನು ತೆರೆದಿರುತ್ತದೆ, ಸಾರ್ಬಿಟಾಲ್ ಅಲ್ಲಿಂದ ನುಗ್ಗುತ್ತದೆ, ಹಿಂದೆಯೇ ನೀರೂ ನುಗ್ಗಿ ಕಣ ಒಡೆಯುತ್ತದೆ. ಉಂಗುರದ ಹಂತದ ಎಳೆಯವು ಉಳಿಯುತ್ತವೆ. ಮರುದಿನಕ್ಕೆ ಅವು ಒಟ್ಟಿಗೇ ದೊಡ್ಡವಾಗಿರುತ್ತವೆ.

ಆಮೇಲೆ ಬರುವ ಹಂತ ನನಗೆ ಬಹಳ ಇಷ್ಟ. ಹಿಮೋಗ್ಲೋಬಿನ್ ತಿಂದಾಗ ಬಿಡುಗಡೆಯಾಗುವ ಹೀಮ್ ಪರೋಪಜೀವಿಗೇ ವಿಷ. ಅದಕ್ಕೆ ಅದು ಹೀಮನ್ನು ಹರಳು ಕಟ್ಟಿ ಇಟ್ಟುಬಿಡುತ್ತದೆ. ಆ ಹರಳೇ ಹೀಮೋಜೋಯಿನ್. ಅದರಲ್ಲಿರುವ ಕಬ್ಬಿಣ ಅಯಸ್ಕಾಂತಕ್ಕೆ ಒಲಿಯುವ ರೂಪದಲ್ಲಿರುತ್ತದೆ. ಕಲ್ಚರನ್ನು ಗಟ್ಟಿ ಅಯಸ್ಕಾಂತದ ನಡುವೆ ಇಟ್ಟ ಕಾಲಮ್ಮಿನಲ್ಲಿ ಸುರಿದರೆ ಸಾದಾ ಕೆಂಪು ಕಣಗಳು ಸರ್ರನೆ ಕೆಳಗೆ ಇಳಿದುಹೋಗುತ್ತವೆ. ಬೆಳೆದ ಪರೋಪಜೀವಿ ಇರುವವು ಮಾತ್ರ ಕಾಲಮ್ಮಿನಲ್ಲಿ ಕಂದು ಪಟ್ಟಿಯಾಗಿ ನಿಂತುಬಿಡುತ್ತವೆ. ಕಾಲಮ್ಮನ್ನು ಅಯಸ್ಕಾಂತದಿಂದ ಬಿಡಿಸಿ ತೊಳೆದರೆ ಟ್ಯೂಬಿಗೆ ಬೀಳುವುದು ಹೆಚ್ಚುಕಮ್ಮಿ ಪರೋಪಜೀವಿ ಇರುವ ಕಣಗಳೇ. ಕೆಂಪಲ್ಲ, ಕಾಫಿ ಡಿಕಾಕ್ಷನ್ ಬಣ್ಣ. ಎಷ್ಟು ಸಲ ಮಾಡಿದರೂ ಆ ಬಣ್ಣ ನೋಡಿದಾಗ ಖುಷಿಯಾಗುತ್ತದೆ.

ಇನ್ನು ನುಂಗುವವರು. ಕಲಿಯುವವರಿಗೆ ಟಿಎಚ್‌ಪಿ-1 ಸಾಕು. ಅದು 1980ರಲ್ಲಿ ಜಪಾನಿನಲ್ಲಿ ರಕ್ತಕ್ಯಾನ್ಸರ್ ಇದ್ದ ಒಂದು ಮಗುವಿನ ರಕ್ತದಿಂದ ಬೆಳೆಸಿದ ಕಣಗಳ ಸಾಲು. ಇಂದು ಹೇಗೋ ನಾಳೆಯೂ ಹಾಗೇ ಇರುತ್ತದೆ, ಅದೇ ಅದರ ಗುಣ, ಅದೇ ಅದರ ದೋಷ. ಉರಿಯೂತದ ಪ್ರಶ್ನೆ ಕೇಳಬೇಕಾದರೆ ನಿಜವಾದ ಮನುಷ್ಯರ ಮೊನೊಸೈಟೇ ಬೇಕು. ರಕ್ತ ಕೊಡಲು ಒಪ್ಪಿದವರಿಂದ, ಎಥಿಕ್ಸ್ ಕಮಿಟಿಯ ಒಪ್ಪಿಗೆಯೊಂದಿಗೆ ರಕ್ತ ತೆಗೆದುಕೊಂಡು, ಫಿಕೋಲ್ ಎಂಬ ದಪ್ಪ ದ್ರವದ ಮೇಲೆ ಪದರ ಹಾಕಿ ತಿರುಗಿಸಿ, ಮೈಮೇಲೆ ಸಿಡಿ14 ಎಂಬ ಪ್ರೋಟೀನು ಇರುವವನ್ನು, ಅಂದರೆ ಮೊನೊಸೈಟ್‌ಗಳನ್ನು, ಬೇರ್ಪಡಿಸುತ್ತೇವೆ. ಇದನ್ನು ಬೆಳಿಗ್ಗೆ ಬೇಗ ಮಾಡಬೇಕು. ತಡವಾದಷ್ಟೂ ಮೊನೊಸೈಟ್‌ಗಳು ಸಿಕ್ಕ ಪ್ಲಾಸ್ಟಿಕ್ಕಿಗೆಲ್ಲ ಅಂಟಿಕೊಂಡು ತಾವಾಗೇ ಕೆರಳಿ ಕೂತಿರುತ್ತವೆ. ಆಮೇಲೆ ನೀವು ಹಾಕಿದ ಮದ್ದಿನಿಂದ ಕೆರಳಿದ್ದೋ, ಟ್ಯೂಬಿನಿಂದ ಕೆರಳಿದ್ದೋ ಅಂತ ಹೇಳಲು ಬರುವುದಿಲ್ಲ.

ಮೂರನೆಯದು ಆಂಟಿಬಾಡಿ, ಅಂದರೆ ರೋಗಾಣುವಿಗೆ ಅಂಟಿಕೊಳ್ಳಲು ದೇಹ ಮಾಡುವ ಪ್ರೋಟೀನು. ಇದರ ಹಿಂದೆ ದೊಡ್ಡ ಕಥೆಯೇ ಇದೆ. 1961ರಲ್ಲಿ ಕೋಹೆನ್, ಮ್ಯಾಕ್‌ಗ್ರೆಗರ್ ಮತ್ತು ಅವರ ಜೊತೆಗಾರರು ಗ್ಯಾಂಬಿಯಾದಲ್ಲಿ ಹತ್ತಾರು ಸಲ ಮಲೇರಿಯಾ ಬಂದು ಗಟ್ಟಿಯಾಗಿದ್ದ ದೊಡ್ಡವರ ರಕ್ತದಿಂದ ಗಾಮಾ ಗ್ಲಾಬ್ಯುಲಿನ್, ಅಂದರೆ ಆಂಟಿಬಾಡಿ ಇರುವ ಪಾಲು, ತೆಗೆದು, ಮಲೇರಿಯಾದಿಂದ ನರಳುತ್ತಿದ್ದ ಮಕ್ಕಳಿಗೆ ಕೊಟ್ಟರು. ಪರೋಪಜೀವಿಯ ಸಂಖ್ಯೆ ಇಳಿಯಿತು. ಮುಂದೆ ಪ್ಯಾರಿಸ್ಸಿನ ದ್ರುಯಿಲ್ ಅವರ ತಂಡ ಇಂಥ ಆಂಟಿಬಾಡಿಯನ್ನು ಕಲ್ಚರಿಗೆ ಹಾಕಿ ನೋಡಿತು. ಬರೀ ಆಂಟಿಬಾಡಿ ಹಾಕಿದರೆ ಪರೋಪಜೀವಿ ತನ್ನ ಪಾಡಿಗೆ ಬೆಳೆಯುತ್ತಿತ್ತು. ಮೊನೊಸೈಟ್ ಜೊತೆಗಿದ್ದಾಗ ಮಾತ್ರ ತಡೆ ಬೀಳುತ್ತಿತ್ತು. ನನ್ನ ಮಟ್ಟಿಗೆ ಈ ಇಡೀ ಕ್ಷೇತ್ರದಲ್ಲಿ ಇದಕ್ಕಿಂತ ಮುಖ್ಯವಾದ ಫಲಿತಾಂಶ ಕಡಿಮೆ. ಆಂಟಿಬಾಡಿ ಗುರುತು ಹಚ್ಚುತ್ತದೆ ಅಷ್ಟೆ, ಕೆಲಸ ಮುಗಿಸುವುದು ಕಣ.

ಆಂಟಿಬಾಡಿ ಇಲ್ಲದೆಯೂ ನುಂಗುವುದುಂಟು. ಮೊನೊಸೈಟಿನ ಮೈಮೇಲಿನ ಸಿಡಿ36 ಎಂಬ ಪ್ರೋಟೀನು ಪರೋಪಜೀವಿ ಕೆಂಪು ಕಣದ ಮೇಲೆ ಮೂಡಿಸುವ ಪಿಎಫ್‌ಇಎಂಪಿ1 ಎಂಬ ಪ್ರೋಟೀನನ್ನು ನೇರವಾಗಿ ಹಿಡಿಯುತ್ತದೆ. ಮೊದಲ ಸಲ ಮಲೇರಿಯಾ ಬಂದವರಲ್ಲಿ ಆಂಟಿಬಾಡಿ ಇನ್ನೂ ತಯಾರಾಗಿರುವುದಿಲ್ಲ, ಅಂಥವರಿಗೆ ಆಸರೆ ಇಂಥ ದಾರಿಗಳೇ.

ಎಲ್ಲ ಸಿದ್ಧವಾದ ಮೇಲೆ ಪ್ರಯೋಗ ನೋಡಲು ಬಹಳ ಸುಲಭ. ಪರೋಪಜೀವಿಯ ಡಿಎನ್‌ಎಗೆ ಹತ್ತುವ ಬಣ್ಣ ಹಾಕಿ ತೊಳೆಯಿರಿ. ಕೆಂಪು ಕಣಕ್ಕೆ ತನ್ನದೇ ಡಿಎನ್‌ಎ ಇಲ್ಲದ್ದರಿಂದ ಹೊಳೆಯುವುದೆಲ್ಲ ಪರೋಪಜೀವಿಯೇ. ಒಂದು ಪಾಲಿಗೆ ಮಲೇರಿಯಾ ಬಂದವರ ಆಂಟಿಬಾಡಿ, ಇನ್ನೊಂದಕ್ಕೆ ಎಂದೂ ಬಾರದವರದು, ಮತ್ತೊಂದಕ್ಕೆ ಕೆಂಪು ಕಣಕ್ಕೇ ಅಂಟುವ ಮೊಲದ ಆಂಟಿಬಾಡಿ. ಕೊನೆಯದು ಚೆನ್ನಾಗಿ ನುಂಗಿಸಿಕೊಳ್ಳಲೇಬೇಕು, ಇಲ್ಲದಿದ್ದರೆ ಆ ದಿನದ ಮೊನೊಸೈಟ್ ಸರಿಯಿಲ್ಲ. ಎಲ್ಲವನ್ನೂ ಮೊನೊಸೈಟ್ ಜೊತೆ 37 ಡಿಗ್ರಿಯಲ್ಲಿ ಅರ್ಧ ಮುಕ್ಕಾಲು ಗಂಟೆ ಬಿಡಿ. ಕಣಗಳನ್ನು ಒಂದೊಂದಾಗಿ ಬೆಳಕಿನೆದುರು ಹಾಯಿಸಿ ಎಣಿಸುವ ಯಂತ್ರ, ಫ್ಲೋ ಸೈಟೊಮೀಟರಿಗೆ ಕೊಡಿ. ಅದು ಹೊಳೆಯುವ ಮೊನೊಸೈಟ್ ಶೇಕಡಾ ಎಷ್ಟು ಅಂತ ಹೇಳುತ್ತದೆ.

ಆದರೆ ಯಂತ್ರಕ್ಕೆ ಒಂದು ವಿಷಯ ಗೊತ್ತಾಗುವುದಿಲ್ಲ. ಹೊಳೆಯುವ ಮೊನೊಸೈಟ್ ನುಂಗಿದೆಯೋ, ಅಥವಾ ಪರೋಪಜೀವಿ ಇರುವ ಕಣ ಅದರ ಮೈಗೆ ಸುಮ್ನೆ ಅಂಟಿಕೊಂಡಿದೆಯೋ? ಎರಡಕ್ಕೂ ಸಿಗ್ನಲ್ ಒಂದೇ. ಸಿಡಿ36 ವಿಷಯದಲ್ಲಂತೂ ಅಂಟಿಕೊಳ್ಳುವುದು ಬಹಳ ಜಾಸ್ತಿ. ಉರಿಯೂತ ಬರಿಸುವ ಮದ್ದು ಹಾಕಿದ ಮೊನೊಸೈಟಿನ ಮೈಯಲ್ಲಿ ಹಿಡಿಕೆಗಳು ಹೆಚ್ಚಿರುತ್ತವೆ, ಹಾಗಾಗಿ ಅಂಟುವುದೂ ಹೆಚ್ಚುತ್ತದೆ. ‘ಉರಿಯೂತದಲ್ಲಿ ಜಾಸ್ತಿ ನುಂಗುತ್ತವೆ’ ಅಂತ ಗ್ರಾಫ್ ಬರೆದುಬಿಡುವುದು ಇಲ್ಲೇ.

ಇದನ್ನು ಬಿಡಿಸಲು ಇರುವ ದಾರಿಗಳು ಹಲವು. ಒಂದು ಟ್ಯೂಬನ್ನು ಐಸಿನಲ್ಲಿ ಇಡುತ್ತೇನೆ. ಚಳಿಯಲ್ಲಿ ಕಣ ಅಂಟಬಹುದು, ನುಂಗಲಾರದು. ಇನ್ನೊಂದಕ್ಕೆ ಸೈಟೊಕಲಾಸಿನ್-ಡಿ. ಅದು ಕಣದ ಆಕ್ಟಿನ್ ಎಳೆಗಳನ್ನು ಕಟ್ಟಿಹಾಕುತ್ತದೆ, ಬಾಯಿ ತೆರೆಯಲು ಬಿಡುವುದಿಲ್ಲ. ಆಮೇಲೆ ಎಲ್ಲಕ್ಕೂ ಅಮೋನಿಯಂ ಕ್ಲೋರೈಡ್: ಹೊರಗೆ ಅಂಟಿಕೊಂಡ ಕೆಂಪು ಕಣ ಒಡೆದುಹೋಗುತ್ತದೆ, ಒಳಗೆ ಹೋದದ್ದಕ್ಕೆ ಮೊನೊಸೈಟಿನ ಗೋಡೆಯೇ ಕಾವಲು. ದುಡ್ಡಿದ್ದರೆ ಪಿಎಚ್‌ರೊಡೊ ಬಣ್ಣ ತರಿಸಬಹುದು. ಹೊರಗಿದ್ದಾಗ ಮಂಕು, ಹೊಟ್ಟೆಯೊಳಗೆ ಆಮ್ಲ ಸಿಕ್ಕಾಗ ಹೊಳಪು.

ಇಷ್ಟಾದರೂ ನಾನು ಪ್ರತಿ ಟ್ಯೂಬಿನಿಂದ ಒಂದು ತೊಟ್ಟು ತೆಗೆದು, ಯಂತ್ರದಲ್ಲಿ ತಿರುಗಿಸಿ ಕಣಗಳನ್ನು ಗಾಜಿಗೆ ಕೂರಿಸಿ, ಸೈಟೊಸ್ಪಿನ್ ಸ್ಲೈಡ್ ಮಾಡುತ್ತೇನೆ. 100ರ ಲೆನ್ಸಿಗೆ ಎಣ್ಣೆ ಬಿಟ್ಟು ನೋಡಿದರೆ ಮೊನೊಸೈಟಿನ ನ್ಯೂಕ್ಲಿಯಸ್ ಹುರುಳಿಕಾಳಿನ ಹಾಗೆ ಬಾಗಿ ಒಂದು ಪಕ್ಕಕ್ಕೆ ಸರಿದಿರುತ್ತದೆ. ಪಕ್ಕದಲ್ಲಿ ಮಸುಕು ನೀಲಿ ಮೈ. ನುಂಗಿದ್ದರೆ ಕೆಂಪು ಕಣದ ಸುತ್ತ ತೆಳು ಬಿಳಿ ಅಂಚು ಕಾಣುತ್ತದೆ, ಅದೇ ಫ್ಯಾಗೊಸೋಮ್, ನುಂಗಿದ್ದನ್ನು ಇಟ್ಟುಕೊಳ್ಳುವ ಚೀಲ. ಒಳಗೆ ಪರೋಪಜೀವಿಯ ನೇರಳೆ ಚುಕ್ಕೆ, ನಡುವೆ ಕಂದು ಹರಳು. ಫೋಕಸ್ ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸಿ. ಮೊನೊಸೈಟಿನ ಮೈಯೂ ಪರೋಪಜೀವಿಯೂ ಒಟ್ಟಿಗೆ ಸ್ಪಷ್ಟವಾದರೆ ಒಳಗಿದೆ. ಒಂದು ಸ್ಪಷ್ಟವಾದಾಗ ಇನ್ನೊಂದು ಮಸುಕಾದರೆ ಮೇಲೆ ಕೂತಿದೆ. ಇದನ್ನು ಕಲಿಯಲು ತಿಂಗಳುಗಟ್ಟಲೆ ಬೇಕು, ಕಣ್ಣು ನೋವೂ ಬರುತ್ತದೆ. ಆದರೆ ಯಂತ್ರ ಕೊಟ್ಟ ಸಂಖ್ಯೆ ಮತ್ತು ಸ್ಲೈಡಿನ ಸಂಖ್ಯೆ ಜಗಳವಾಡಿದಾಗ ನಾನು ಸ್ಲೈಡಿನ ಪಕ್ಷ.

ಉರಿಯೂತವನ್ನು ಟ್ಯೂಬಿಗೆ ತರುವುದು ಹೇಗೆ? ಸರಳವಾದ ಕ್ರಮ ಅಂದರೆ ಮೊನೊಸೈಟ್‌ಗಳನ್ನು ಹಿಂದಿನ ರಾತ್ರಿಯೇ ಇಂಟರ್‌ಫೆರಾನ್-ಗಾಮಾ (ಮುಂದೆ ಬರೀ ಗಾಮಾ) ಎಂಬ ಕೆರಳಿಸುವ ಪ್ರೋಟೀನಿನಲ್ಲಿ ಇಡುವುದು. ಜ್ವರ ಬಂದ ಮೈಯಲ್ಲಿ ಇದನ್ನು ಸುರಿಸುವುದು ಎನ್‌ಕೆ ಎಂಬ ಬಿಳಿ ಕಣಗಳು ಮತ್ತು ಟಿ ಕಣಗಳು. ಬೆಳಿಗ್ಗೆ ನೋಡಿದರೆ ಸಿಡಿ64, ಅಂದರೆ ಆಂಟಿಬಾಡಿಯ ಬಾಲವನ್ನು ಹಿಡಿಯುವ ರಿಸೆಪ್ಟರು, ಚೆನ್ನಾಗಿ ಏರಿರುತ್ತದೆ. ಅದು ಏರಿದ್ದರೆ ಮದ್ದು ಹತ್ತಿದೆ ಅಂತ ಅರ್ಥ. ಆದರೆ ರಿಸೆಪ್ಟರು ದುಪ್ಪಟ್ಟಾದರೆ ನುಂಗುವುದೂ ದುಪ್ಪಟ್ಟಾಗುತ್ತದೆ ಅಂತ ಲೆಕ್ಕ ಹಾಕಬೇಡಿ. ನಾನು ನೋಡಿದಂತೆ ಒಬ್ಬರ ಮೊನೊಸೈಟಿಗೂ ಇನ್ನೊಬ್ಬರದಕ್ಕೂ ಇರುವ ಅಂತರ ಎಷ್ಟೋ ಸಲ ಗಾಮಾ ತರುವ ಅಂತರಕ್ಕಿಂತ ದೊಡ್ಡದು. ಹಾಗಾಗಿ ಒಬ್ಬರದೇ ಕಣದಲ್ಲಿ ಮದ್ದು ಹಾಕಿದ್ದು ಮತ್ತು ಹಾಕದ್ದು, ಎರಡನ್ನೂ ಅದೇ ದಿನ, ಅದೇ ಪರೋಪಜೀವಿಯ ಜೊತೆ ಹೋಲಿಸಬೇಕು. ಬೇರೆ ದಿನದ ಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟರೆ ಏನು ಬೇಕಾದರೂ ಸಾಬೀತು ಮಾಡಬಹುದು!

ಜ್ವರದ ಬಿಸಿಯನ್ನೂ ನೋಡಬೇಕಲ್ವಾ. ಇನ್‌ಕ್ಯುಬೇಟರನ್ನು 40 ಡಿಗ್ರಿಗೆ ಏರಿಸಿ ಬಿಟ್ಟರೆ ಬೆಳೆದ ಹಂತದ ಪರೋಪಜೀವಿಗಳು ಸೊರಗುತ್ತವೆ, ಎಳೆಯವು ತಡೆದುಕೊಳ್ಳುತ್ತವೆ. ಹಾಗಾದರೆ ಜ್ವರ ಒಳ್ಳೆಯದೇ ಅಂದುಕೊಂಡರೆ ಇನ್ನೊಂದು ಮುಖವಿದೆ. ಅದೇ ಬಿಸಿಯಲ್ಲಿ ಎಳೆಯ ಪರೋಪಜೀವಿ ಇರುವ ಕಣಗಳು ಮಾಮೂಲಿಗಿಂತ ಬೇಗ ಅಂಟುವ ಗುಣ ಪಡೆಯುತ್ತವೆ ಅಂತ ಥಾಯ್ಲೆಂಡಿನ ಸಂಶೋಧಕರು ತೋರಿಸಿದ್ದಾರೆ. ಅಂಟಿದ ಕಣ ರಕ್ತನಾಳದ ಗೋಡೆ ಹಿಡಿದು ಕೂತರೆ ರಕ್ತ ಸೋಸುವ ಗುಲ್ಮದ (ಸ್ಪ್ಲೀನ್) ಕಡೆ ಹೋಗುವುದೇ ಇಲ್ಲ.

ಗುಲ್ಮದ ಮಾತು ಬಂತು, ಅದನ್ನು ಬಿಟ್ಟು ಮಲೇರಿಯಾದ ಕಥೆ ಇಲ್ಲ. ಮಲೇರಿಯಾ ರೋಗಿಯ ಎಡಪಕ್ಕೆಯ ಕೆಳಗೆ ಡಾಕ್ಟರು ಒತ್ತಿ ನೋಡುವುದು ಇದನ್ನೇ. ಅಲ್ಲಿ ಕೆಂಪು ಕಣ ತೂರಬೇಕಾದ ಸೀಳುಗಳು ಒಂದೆರಡು ಮೈಕ್ರಾನ್ ಅಗಲ ಮಾತ್ರ. ಕೆಂಪು ಕಣ 7-8 ಮೈಕ್ರಾನ್. ಆರೋಗ್ಯವಾದದ್ದು ಮಡಚಿಕೊಂಡು ತೂರಿಹೋಗುತ್ತದೆ. ಪರೋಪಜೀವಿ ಇರುವುದು ಬಿಗಿಯಾಗಿರುತ್ತದೆ, ಸಿಕ್ಕಿಕೊಳ್ಳುತ್ತದೆ. ಪಕ್ಕದಲ್ಲೇ ಮ್ಯಾಕ್ರೊಫೇಜ್‌ಗಳು ಕಾದಿರುತ್ತವೆ. ಉರಿಯೂತ ಏರಿದಾಗ ಮೂಳೆಮಜ್ಜೆಯಿಂದ ಹೊಸ ಮೊನೊಸೈಟ್‌ಗಳೂ ಅಲ್ಲಿಗೆ ಧಾವಿಸುತ್ತವೆ. ಇಲಿಗಳಲ್ಲಿ ಈ ಓಟಕ್ಕೆ ಸಿಸಿಆರ್2 ಎಂಬ ರಿಸೆಪ್ಟರು ಬೇಕು ಅಂತ ಗೊತ್ತಾಗಿದೆ. ಗುಲ್ಮಕ್ಕೆ ಇನ್ನೊಂದು ಕೈಚಳಕವೂ ಇದೆ: ಔಷಧಿಗೆ ಸತ್ತ ಪರೋಪಜೀವಿಯನ್ನು ಕೆಂಪು ಕಣದಿಂದ ಕಿತ್ತು ತೆಗೆದು, ಕಣವನ್ನು ಮತ್ತೆ ರಕ್ತಕ್ಕೆ ಬಿಡುತ್ತದೆ. ಆರ್ಟಿಸುನೇಟ್ ಎಂಬ ಮಲೇರಿಯಾ ಔಷಧಿ ಕೊಟ್ಟ ಕೆಲವರಲ್ಲಿ ಒಂದೆರಡು ವಾರದ ಮೇಲೆ ರಕ್ತಹೀನತೆ ಕಾಣುವುದು ಇಂಥ ರಿಪೇರಿಯಾದ ಕಣಗಳು ಒಟ್ಟಿಗೇ ಸಾಯುವುದರಿಂದ. ಇದನ್ನು ಟ್ಯೂಬಲ್ಲಿ ಮಾಡಿ ತೋರಿಸಲು ನನ್ನಿಂದ ಆಗಿಲ್ಲ. ನನ್ನ ಮೊನೊಸೈಟ್‌ಗಳಿಗೆ ನುಂಗಲು ಮಾತ್ರ ಬರುತ್ತದೆ.

ನುಂಗುವ ಭರದಲ್ಲಿ ಆರೋಗ್ಯವಾದ ಕಣಗಳೂ ಹೋಗುತ್ತವೆ. ಫಾಲ್ಸಿಪಾರಮ್‌ನಲ್ಲಿ ಪರೋಪಜೀವಿ ಇರುವ ಒಂದು ಕಣಕ್ಕೆ ಇಲ್ಲದಿರುವ ಸುಮಾರು 8 ಕಣ ನಾಶವಾಗುತ್ತವೆ ಅಂತ ಒಂದು ಅಂದಾಜು. ವೈವಾಕ್ಸ್‌ನಲ್ಲಿ ಅದು 34. ಪರೋಪಜೀವಿ ಕಡಿಮೆ ಇದ್ದರೂ ವೈವಾಕ್ಸ್ ರೋಗಿ ಬಿಳಿಚಿಕೊಳ್ಳುವುದು ಇದರಿಂದ.

ವೈವಾಕ್ಸ್‌ಗಾಗಿಯೇ ನಾನು ಮಂಗಳೂರಿಗೆ ಹೋಗುವುದು. ಫಾಲ್ಸಿಪಾರಮ್ ತರ ಅದನ್ನು ಲ್ಯಾಬಲ್ಲಿ ಬಿಡದೆ ಬೆಳೆಸಲು ಬರುವುದಿಲ್ಲ. ಅದು ಹೊಕ್ಕುವುದು ಎಳೆಯ ಕೆಂಪು ಕಣವನ್ನು ಮಾತ್ರ. ಹಾಗಾಗಿ ರೋಗಿ ಇದ್ದಲ್ಲಿಗೆ ನಾವೇ ಹೋಗಬೇಕು. ಕಟ್ಟಡದ ಕೆಲಸ, ಮಳೆ, ನಿಂತ ನೀರು ಸೇರಿ ಮಂಗಳೂರು 1990ರ ದಶಕದಿಂದ ಮಲೇರಿಯಾಕ್ಕೆ ಹೆಸರಾದ ಊರು. ಈಗ ಮೊದಲಿನಷ್ಟಿಲ್ಲ, ಅದು ಊರಿಗೆ ಒಳ್ಳೆಯದು. ನಮ್ಮಂಥವರು ಮಾತ್ರ ಸ್ಯಾಂಪಲ್‌ಗೆ ಕಾಯುತ್ತಾ ಕೂರುತ್ತೇವೆ.

ಅಲ್ಲಿನ ಒಂದು ಲ್ಯಾಬಲ್ಲಿ ಹಿರಿಯ ಟೆಕ್ನಿಷಿಯನ್ ಒಬ್ಬರಿದ್ದಾರೆ. ಸ್ಲೈಡ್ ನೋಡುತ್ತಾ ಒಂದು ದಿನ ಕರೆದರು. “ಮೇಡಂ, ಇಲ್ಲಿ ಬನ್ನಿ. ಈ ಜನಕ್ಕೆ ಜ್ವರ ಬಂದು ವಾರ ಆಗಿರ್ಬೇಕು.”

“ಪ್ಯಾರಸೈಟ್ ತುಂಬ ಇದ್ಯಾ ಸರ್?”

“ಪ್ಯಾರಸೈಟ್ ಕಡಿಮೆ ಮಾರಾಯ್ರೆ. ಮೊನೊಸೈಟಲ್ಲಿ ಪಿಗ್ಮೆಂಟ್ ಉಂಟು, ನೋಡಿ. ನ್ಯೂಟ್ರೊಫಿಲಲ್ಲಿ ಇಲ್ಲ. ಎಲ್ಲೋ ಅರ್ಧಂಬರ್ಧ ಮದ್ದು ತಗೊಂಡಿದ್ದಾರೆ.”

ಕೇಳಿದರೆ ಹೌದು, ಮೆಡಿಕಲ್ ಶಾಪಿಂದ ಏನೋ ಮಾತ್ರೆ ತೆಗೆದುಕೊಂಡಿದ್ದರು. ಪಿಗ್ಮೆಂಟ್ ಅಂದರೆ ಅದೇ ಹೀಮೋಜೋಯಿನ್ ಹರಳು. ಇದರ ಹಿಂದಿನ ಲೆಕ್ಕ ಸರಳ. ಹರಳು ನುಂಗಿದ ನ್ಯೂಟ್ರೊಫಿಲ್‌ಗಳು ಕೆಲವೇ ದಿನದಲ್ಲಿ ರಕ್ತದಿಂದ ಮಾಯವಾಗುತ್ತವೆ. ಮೊನೊಸೈಟ್‌ಗಳು ವಾರ ದಾಟಿಯೂ ಕಾಣುತ್ತಿರುತ್ತವೆ. ಹಾಗಾಗಿ ಎರಡರಲ್ಲಿ ಯಾವುದರಲ್ಲಿ ಹರಳಿದೆ ಅನ್ನುವುದೇ ಕಾಯಿಲೆಯ ದಿನಚರಿ. ಗಂಭೀರ ಮಲೇರಿಯಾದಲ್ಲಿ ಶೇಕಡಾ 5ಕ್ಕಿಂತ ಹೆಚ್ಚು ನ್ಯೂಟ್ರೊಫಿಲ್‌ಗಳಲ್ಲಿ ಹರಳು ಕಂಡರೆ ಅದು ಕೆಟ್ಟ ಸೂಚನೆ. ಎಷ್ಟೋ ಕಡೆ ಸ್ಲೈಡಲ್ಲಿ ಪ್ಯಾರಸೈಟ್ ಎಣಿಸಿ ಕೈತೊಳೆದುಕೊಳ್ಳುತ್ತಾರೆ. ಬಿಳಿ ಕಣವನ್ನೂ ಒಂದು ಸಲ ನೋಡಿದರೆ ಖರ್ಚೇನೂ ಇಲ್ಲ.

ಆ ಹರಳಿನ ವಿಷಯಕ್ಕೆ ಮತ್ತೆ ಬರಬೇಕು, ನನ್ನ ಕೆಲಸ ತಿರುವು ತೆಗೆದುಕೊಂಡದ್ದು ಅಲ್ಲೇ. ಮೊನೊಸೈಟ್ ಪರೋಪಜೀವಿಯನ್ನು ಅರಗಿಸುತ್ತದೆ, ಹಿಮೋಗ್ಲೋಬಿನ್ನನ್ನು ಅರಗಿಸುತ್ತದೆ, ಹೀಮೋಜೋಯಿನ್ನನ್ನು ಮಾತ್ರ ಅರಗಿಸಲಾರದು. ಅಕ್ಕಿಯ ಜೊತೆ ಕಲ್ಲೂ ನುಂಗಿದ ಹಾಗೆ. ಹರಳು ತುಂಬಿಕೊಂಡ ಕಣ ಎರಡನೆಯ ಸಲ ಸರಿಯಾಗಿ ನುಂಗುವುದಿಲ್ಲ ಅಂತ ಇಟಲಿಯ ಟ್ಯೂರಿನ್‌ನ ಸಂಶೋಧಕರು 1992ರಲ್ಲೇ ತೋರಿಸಿದ್ದರು. ನಾನು ಅದನ್ನೇ ಉರಿಯೂತದ ಜೊತೆ ಸೇರಿಸಿ ಎರಡು ಬಗೆಯಲ್ಲಿ ಮಾಡಿದೆ. ಒಂದರಲ್ಲಿ ಮೊದಲು ಗಾಮಾ, ಆಮೇಲೆ ಪರೋಪಜೀವಿ. ಇನ್ನೊಂದರಲ್ಲಿ ಮೊದಲು ಹರಳು ತಿನ್ನಿಸಿ, ಆಮೇಲೆ ಗಾಮಾ, ಆಮೇಲೆ ಪರೋಪಜೀವಿ. ಹಾಕಿದ ವಸ್ತು ಹೆಚ್ಚುಕಮ್ಮಿ ಅವೇ, ಸರದಿ ಬೇರೆ. ಮೊದಲನೆಯದರಲ್ಲಿ ಕಣಗಳು ಲವಲವಿಕೆಯಿಂದ ಹಿಡಿಯುತ್ತವೆ. ಎರಡನೆಯದರಲ್ಲಿ ಗಾಮಾ ಕೊಟ್ಟರೂ, ಕಣ ಕೆರಳಿದ್ದನ್ನು ತೋರಿಸುವ ಎಚ್‌ಎಲ್‌ಎ-ಡಿಆರ್ ಪ್ರೋಟೀನು ಸರಿಯಾಗಿ ಏರುವುದಿಲ್ಲ, ನುಂಗುವುದೂ ಮಂದ. ಹರಳು ತಿಂದ ಕಣ ಗಾಮಾದ ಮಾತು ಕೇಳುವುದಿಲ್ಲ ಅನ್ನುವುದು ಮೊದಲೇ ಪ್ರಕಟವಾದ ವಿಷಯ. ನನ್ನ ಸ್ಲೈಡಲ್ಲಿ ಅದನ್ನು ಕಣ್ಣಾರೆ ನೋಡಿದಾಗ ನನಗೆ ಹೊಳೆದದ್ದು ಬೇರೆ. ಜ್ವರದ ಮೊದಲ ದಿನದ ಉರಿಯೂತವೂ ಹತ್ತನೆಯ ದಿನದ ಉರಿಯೂತವೂ ಒಂದೇ ಅಲ್ಲ. ರಕ್ತದಲ್ಲಿ ಟಿಎನ್‌ಎಫ್ ಅಷ್ಟೇ ಇರಬಹುದು, ನುಂಗುವ ಕಣದ ಹೊಟ್ಟೆ ಮಾತ್ರ ಆಗಲೇ ತುಂಬಿರುತ್ತದೆ.

ಉರಿಯೂತ ಕೆಟ್ಟದ್ದು, ತಗ್ಗಿಸಿಬಿಡೋಣ ಅಂತ ಸುಲಭವಾಗಿ ಹೇಳುವವರಿಗೆ ನಾನು ಎರಡು ಪ್ರಯೋಗ ನೆನಪಿಸುತ್ತೇನೆ. 1982ರಲ್ಲಿ ಥಾಯ್ಲೆಂಡಿನಲ್ಲಿ ಮಿದುಳಿಗೆ ಏರಿದ ಮಲೇರಿಯಾಕ್ಕೆ ಉರಿಯೂತ ತಗ್ಗಿಸುವ ಡೆಕ್ಸಾಮೆಥಸೋನ್ ಕೊಟ್ಟು ನೋಡಿದರು. ಜೀವ ಉಳಿಯುವುದು ಹೆಚ್ಚಲಿಲ್ಲ, ಕೋಮಾ ಇನ್ನೂ ಲಂಬಿಸಿತು. 1990ರ ದಶಕದಲ್ಲಿ ಗ್ಯಾಂಬಿಯಾದ ಮಕ್ಕಳಿಗೆ ಟಿಎನ್‌ಎಫ್ ತಡೆಯುವ ಆಂಟಿಬಾಡಿ ಕೊಟ್ಟರು. ಜ್ವರ ಇಳಿಯಿತು, ಸಾವು ಕಡಿಮೆಯಾಗಲಿಲ್ಲ, ಬದುಕಿದವರಲ್ಲಿ ನರದ ತೊಂದರೆ ಜಾಸ್ತಿ ಕಂಡಿತು. ಪದೇ ಪದೇ ಮಲೇರಿಯಾ ಬರುವ ಊರಿನ ದೊಡ್ಡವರ ಮೈ ಇದನ್ನು ಬೇರೆ ರೀತಿ ನಿಭಾಯಿಸುತ್ತದೆ. ಮಾಲಿ ದೇಶದ ಇಂಥ ದೊಡ್ಡವರ ಮೊನೊಸೈಟ್‌ಗಳು ಕೆರಳಿಸುವ ಪ್ರೋಟೀನನ್ನು ಕಮ್ಮಿ, ತಣಿಸುವ ಇಂಟರ್‌ಲ್ಯೂಕಿನ್-10 ಅನ್ನು ಹೆಚ್ಚು ಸುರಿಸುತ್ತವೆ. ಒಳಗೆ ಪರೋಪಜೀವಿ ಇದ್ದರೂ ಅವರು ಗದ್ದೆ ಕೆಲಸಕ್ಕೆ ಹೋಗುತ್ತಾರೆ.

ನನ್ನ ಇಡೀ ಕ್ಷೇತ್ರದ ನಂಬಿಕೆಯನ್ನೇ ಅಲುಗಾಡಿಸಿದ್ದು 2021ರಲ್ಲಿ ಇಂಡೊನೇಷ್ಯಾದ ಪಪುವಾದಿಂದ ಬಂದ ಕೆಲಸ. ಅಪಘಾತದಂಥ ಕಾರಣಕ್ಕೆ ಗುಲ್ಮ ತೆಗೆಸಿಕೊಂಡವರು, ಮಲೇರಿಯಾದ ಲಕ್ಷಣವೇ ಇಲ್ಲದವರು. ಅವರ ಗುಲ್ಮದಲ್ಲಿ ಇಡಿಯಾದ, ಕೆಡದ ಪರೋಪಜೀವಿಗಳು ತುಂಬಿದ್ದವು. ವೈವಾಕ್ಸ್‌ನಲ್ಲಂತೂ ಮೈಯಲ್ಲಿದ್ದ ಪರೋಪಜೀವಿಗಳ ಪೈಕಿ ಶೇಕಡಾ 98ಕ್ಕಿಂತ ಜಾಸ್ತಿ ಗುಲ್ಮದಲ್ಲೇ ಇದ್ದವು. ನಾವು ಸ್ಮಶಾನ ಅಂದುಕೊಂಡಿದ್ದ ಜಾಗದಲ್ಲಿ ಅವು ಸಂಸಾರ ಹೂಡಿದ್ದವು! ಸ್ಲೈಡಿನಲ್ಲಿ ಪ್ಯಾರಸೈಟ್ ಇಳಿಯಿತು ಅಂದರೆ ಮೈಯಲ್ಲಿ ಇಳಿಯಿತು ಅಂತ ಹೇಳುವ ಮೊದಲು ನಾನೀಗ ಎರಡು ಸಲ ಯೋಚಿಸುತ್ತೇನೆ.

ಇದಾದ ಮೇಲೆ ನಮ್ಮ ಲ್ಯಾಬಿನ ಕ್ರಮ ಸ್ವಲ್ಪ ಬದಲಾಗಿದೆ. ಮುಕ್ಕಾಲು ಗಂಟೆಗೆ ಪ್ರಯೋಗ ನಿಲ್ಲಿಸುವುದಿಲ್ಲ. ಅದೇ ಕಣಗಳನ್ನು 4 ಗಂಟೆಗೆ, 24 ಗಂಟೆಗೆ, 72 ಗಂಟೆಗೂ ನೋಡುತ್ತೇವೆ. ನುಂಗಿದ್ದು ಎಷ್ಟು, ಅದರಲ್ಲಿ ನೇರಳೆ ಚುಕ್ಕೆ ಮಾಯವಾಗಿ ಹರಳು ಮಾತ್ರ ಉಳಿದದ್ದು ಎಷ್ಟು, ಎರಡನ್ನೂ ಬೇರೆ ಬೇರೆ ಎಣಿಸುತ್ತೇವೆ. ವೈವಾಕ್ಸ್ ಸ್ಯಾಂಪಲ್ಲಿನಲ್ಲಿ ಟಿ ಕಣಗಳನ್ನೂ ಎಸೆಯುವುದಿಲ್ಲ. ಎಳೆಯ ಕೆಂಪು ಕಣದ ಮೇಲೆ ಎಚ್‌ಎಲ್‌ಎ ಇನ್ನೂ ಉಳಿದಿರುತ್ತದೆ, ಕೊಲ್ಲುವ ಟಿ ಕಣಗಳು ಅವನ್ನು ನೇರವಾಗಿ ಹೊಡೆಯಬಲ್ಲವು ಅಂತ 2018ರಲ್ಲಿ ಬ್ರೆಜಿಲ್ಲಿನ ರೋಗಿಗಳಲ್ಲಿ ತೋರಿಸಿದ್ದಾರೆ. ಬಂದ್ ಅಂದುಕೊಂಡಿದ್ದ ದಾರಿ ವೈವಾಕ್ಸ್ ಮಟ್ಟಿಗೆ ಅರ್ಧ ತೆರೆದೇ ಇದೆ.

ಇದನ್ನು ಶುರು ಮಾಡುವವರಿದ್ದರೆ ಒಂದು ಮಾತು. ರೋಗಿಯ ಸ್ಯಾಂಪಲ್ ತೆಗೆದುಕೊಳ್ಳುವಾಗ ಪ್ಯಾರಸೈಟ್ ಎಷ್ಟು ಅಂತ ಮಾತ್ರ ಬರೆದುಕೊಳ್ಳಬೇಡಿ. ಜ್ವರ ಶುರುವಾಗಿ ಎಷ್ಟು ದಿನ, ಮಾತ್ರೆ ಏನಾದರೂ ನುಂಗಿದ್ದಾರಾ, ಹಿಂದೆ ಯಾವಾಗ ಮಲೇರಿಯಾ ಬಂದಿತ್ತು, ಮೊನೊಸೈಟಲ್ಲಿ ಹರಳು ಇದೆಯಾ ಅಂತಲೂ ಬರೆಯಿರಿ. ಸ್ಲೈಡುಗಳನ್ನು ಎಸೆಯಬೇಡಿ. ನಮ್ಮ ಬೀರುವಿನಲ್ಲಿರುವ ಹಳೆಯ ಸ್ಲೈಡುಗಳನ್ನು ಈಗ ಹೊಸ ಪ್ರಶ್ನೆ ಇಟ್ಟುಕೊಂಡು ಮತ್ತೆ ಎಣಿಸುತ್ತಿದ್ದೇವೆ. ಒಳ್ಳೆಯ ಗೀಮ್ಸಾ ಹಾಕಿದವು ಇನ್ನೂ ಚೆನ್ನಾಗಿವೆ. ಪಿಎಚ್ 7.2 ನೋಡದೆ ಅವಸರದಲ್ಲಿ ಬಣ್ಣ ಹಾಕಿದವುಗಳಲ್ಲಿ ಹರಳು ಯಾವುದು, ಬಣ್ಣದ ಗಸಿ ಯಾವುದು ಅಂತ ಹೇಳಲು ಆಗುತ್ತಿಲ್ಲ, ಅವನ್ನು ಲೆಕ್ಕದಿಂದ ತೆಗೆದಿದ್ದೇವೆ.